ಪದಚರ್ಚೆ: ಗಿಟಾರಿನ ‘ಆಕ್ಷನ್’ಗೆ ನಿಮ್ಮ ಕಡೆ ಏನಂತಾರೆ?

ಎಲ್ಲರಿಗೂ ನಮಸ್ಕಾರ.

ಹೊಸದಾಗಿ ಗಿಟಾರ್ ಕೊಳ್ಳುವವರಿಗಾಗಿ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ದುಬಾರಿ ಗಿಟಾರ್‌ಗಳ ಸುದ್ದಿಯೇ ಅದರಲ್ಲಿಲ್ಲ. ಐದು ಸಾವಿರದಿಂದ ಹತ್ತು ಹನ್ನೆರಡು ಸಾವಿರ ರೂಪಾಯಿಯೊಳಗೆ ಸಿಗುವ ಅಕೂಸ್ಟಿಕ್ ಗಿಟಾರ್ ಅಷ್ಟೇ. ಯಮಹಾ ಎಫ್ 310 ತರಹದ್ದು ಅಂದರೆ ಬಹಳ ಜನಕ್ಕೆ ಗೊತ್ತಾಗುತ್ತದೆ. ನಮ್ಮ ಊರುಗಳಲ್ಲಿ ಕಲಿಯುವ ಮಕ್ಕಳ ಕೈಯಲ್ಲಿರುವುದು ಇಂಥವೇ. ಅವನ್ನು ನೋಡಿ ಕೊಳ್ಳುವುದು ಹೇಗೆ, ಸರಿಯಾಗಿ ಇಟ್ಟುಕೊಳ್ಳುವುದು ಹೇಗೆ ಅನ್ನುವುದನ್ನು ಕನ್ನಡದಲ್ಲೇ ಓದುವಂತಾಗಲಿ ಅಂತ ಆಸೆ.

ಬರೆಯಲು ಕೂತಾಗ ಬಹಳ ಪದಗಳು ತಾವಾಗಿಯೇ ಬಂದವು. ವೀಣೆ, ತಂಬೂರಿ, ಏಕತಾರಿ ಇರುವ ಭಾಷೆಯಲ್ಲಿ ತಂತಿವಾದ್ಯದ ಮಾತಿಗೆ ಬರವಿಲ್ಲ. ಆದರೆ ಎಲ್ಲಕ್ಕಿಂತ ಮುಖ್ಯವಾದ ಒಂದು ಪದಕ್ಕೇ ಸಿಕ್ಕಿಹಾಕಿಕೊಂಡಿದ್ದೇನೆ. ಅದು ‘ಆಕ್ಷನ್’.

ಗಿಟಾರ್ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬೆರಳೊತ್ತುವ ಹಲಗೆಯ ಮೇಲೆ ಅಡ್ಡಡ್ಡ ಲೋಹದ ಪಟ್ಟಿಗಳಿರುತ್ತವೆ, ಅಲ್ವಾ? ಆ ಪಟ್ಟಿಯಿಂದ ತಂತಿ ಎಷ್ಟು ಮೇಲಿದೆ ಅನ್ನುವುದೇ ಆಕ್ಷನ್. ಸಾಮಾನ್ಯವಾಗಿ 12ನೇ ಪಟ್ಟಿಯ ಹತ್ತಿರ ಅಳೆಯುತ್ತಾರೆ. ದಪ್ಪ ತಂತಿ ಅಲ್ಲಿ ಸುಮಾರು 2.5 ಮಿಲಿಮೀಟರ್, ಸಣ್ಣ ತಂತಿ ಸುಮಾರು 2 ಮಿಲಿಮೀಟರ್ ಮೇಲಿದ್ದರೆ ಬೆರಳಿಗೆ ಹಿತ. ಕಡಿಮೆ ಬೆಲೆಯ ಗಿಟಾರ್ ಡಬ್ಬದಿಂದ ತೆಗೆದಾಗ, ಕಂಪನಿ ಯಾವುದೇ ಇರಲಿ, ಇದಕ್ಕಿಂತ ಜಾಸ್ತಿ ಇರುವುದೇ ಹೆಚ್ಚು. ಒಂದೊಂದನ್ನೂ ಕೂತು ಸರಿಮಾಡುವಷ್ಟು ಹೊತ್ತು ಆ ಬೆಲೆಯಲ್ಲಿ ಸಿಗುವುದಿಲ್ಲ. ಮೇಲಿದ್ದರೆ ತಂತಿ ಜರ್ ಅನ್ನುವುದಿಲ್ಲ, ದೂರು ಬರುವುದಿಲ್ಲ.

ಕನ್ನಡದಲ್ಲಿ ಇದಕ್ಕೆ ಬೇರೆ ಪದವೇ ಬೇಕು ಅಂತ ನಾನು ಹಟ ಹಿಡಿದಿರುವುದಕ್ಕೆ ಕಾರಣವಿದೆ. ಪಕ್ಕದ ಮನೆಯ ಹುಡುಗಿ ಒಂದು ಸಂಜೆ ಗಿಟಾರ್ ಹೊತ್ತುಕೊಂಡು ಬಂದಳು. “ಅಂಕಲ್, ತಂತಿ ತುಂಬಾ ಬಿಗಿ ಇದೆ, ಬೆರಳು ಕಿತ್ತು ಬರ್ತಿದೆ” ಅಂದಳು. ಬಿಗಿ ಅಂದುಕೊಂಡ ಮೇಲೆ ಸಡಿಲ ಮಾಡಬೇಕು ತಾನೇ? ಅಂಗಡಿಯವರೂ ಫೋನಿನಲ್ಲಿ ಹಾಗೇ ಹೇಳಿದ್ದರಂತೆ. ಅವಳು ಆರೂ ತಂತಿ ಸಡಿಲ ಮಾಡಿದ್ದಳು. ಶ್ರುತಿ ಕೆಳಗಿಳಿದಿತ್ತು. ಬೆರಳು ಒತ್ತಬೇಕಾದ ದೂರ ಮಾತ್ರ ಇದ್ದಷ್ಟೇ ಇತ್ತು. 12ನೇ ಪಟ್ಟಿಯ ಮೇಲೆ ಸ್ಕೇಲ್ ನಿಲ್ಲಿಸಿ ನೋಡಿದರೆ ಹತ್ತಿರ ಹತ್ತಿರ 4 ಮಿಲಿಮೀಟರ್.

ಅವಳ ತೊಂದರೆಗೆ ಅವಳಿಗೆ ಸಿಕ್ಕ ಪದ ‘ಬಿಗಿ’. ಆ ಪದ ಅವಳನ್ನು ಬಿರಡೆಯ ಕಡೆಗೆ, ಅಂದರೆ ತಂತಿ ಬಿಗಿ ಮಾಡುವ ತಿರುಪಿನ ಕಡೆಗೆ, ಕಳಿಸಿತು. ‘ತಂತಿ ಎತ್ತರ ಇದೆ’ ಅನ್ನುವ ಮಾತು ಬಾಯಿಗೆ ಬಂದಿದ್ದರೆ ಅವಳು ಕುದುರೆಯ ಕಡೆ, ಅಂದರೆ ತಂತಿಯನ್ನು ಎತ್ತಿ ಹಿಡಿಯುವ ಬ್ರಿಡ್ಜ್ ಕಡೆ, ನೋಡುತ್ತಿದ್ದಳು. ಗಿಟಾರ್ ಬಿಟ್ಟವರನ್ನು ಕೇಳಿ ನೋಡಿ. ಬೆರಳು ನೋವು ಅಂತಲೇ ಬಹಳ ಜನ ಹೇಳುತ್ತಾರೆ. ಅದರಲ್ಲಿ ಎಷ್ಟೋ ನೋವು ವಾದ್ಯ ಸರಿ ಮಾಡಿದರೆ ಹೋಗುವಂಥದ್ದು.

ತಂತಿ ಒತ್ತಲು ಕಷ್ಟ ಅನ್ನುವುದಕ್ಕೆ ಮೂರು ಬೇರೆ ಬೇರೆ ಕಾರಣ ಇರಬಹುದು. ತಂತಿ ಮೇಲಿರಬಹುದು. ತಂತಿ ದಪ್ಪ ಇರಬಹುದು: ಅಂಗಡಿಯಲ್ಲಿ ‘ಹನ್ನೆರಡರ ಸೆಟ್’ ಅಂದರೆ ಅದರ ಸಣ್ಣ ತಂತಿ ಇಂಚಿನ ಸಾವಿರದಲ್ಲಿ 12 ಭಾಗ ದಪ್ಪ ಅಂತ, ಹತ್ತು ಅಥವಾ ಹನ್ನೊಂದರ ಸೆಟ್ ಹಾಕಿದರೆ ಬೆರಳಿಗೆ ಹಗುರ. ಇಲ್ಲವೇ ತಂತಿ ನಿಜವಾಗಲೂ ಬಿಗಿ ಇರಬಹುದು, ಅಂದರೆ ಶ್ರುತಿ ಇರಬೇಕಾದ್ದಕ್ಕಿಂತ ಮೇಲೆ ಹೋಗಿರಬಹುದು. ಮೂರಕ್ಕೂ ‘ಬಿಗಿ’ ಅಂದರೆ ಮೂರಕ್ಕೂ ಒಂದೇ ಮದ್ದು ಅಂತಾಗುತ್ತದೆ.

ಸದ್ಯಕ್ಕೆ ನಾನು ‘ತಂತಿ ಎತ್ತರ’ ಅಂತ ಬರೆದಿದ್ದೇನೆ. ಅರ್ಥ ಸರಿಯಾಗಿ ಬರುತ್ತದೆ. ಒಳ್ಳೆಯದು ಕೆಟ್ಟದ್ದು ಅನ್ನುವ ಬಣ್ಣವೂ ಅದಕ್ಕಿಲ್ಲ. ಅದು ಮುಖ್ಯ, ಯಾಕೆಂದರೆ ಎತ್ತರ ಯಾವಾಗಲೂ ದೋಷವಲ್ಲ. ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು, ತಂತಿಯ ಮೇಲೆ ಉಕ್ಕಿನ ಸರಳು ಜಾರಿಸಿ ನುಡಿಸುವವರಿದ್ದಾರೆ. ನಮ್ಮ ಪ್ರಕಾಶ್ ಸೊಂಟಕ್ಕೆಯವರು ಹಿಂದೂಸ್ತಾನಿ ಸಂಗೀತ ನುಡಿಸುವುದು ಈ ಬಗೆಯಲ್ಲೇ. ಅವರಿಗೆ ತಂತಿ ಬೇಕಂತಲೇ ಮೇಲಿರಬೇಕು. ಕೆಳಗಿದ್ದರೆ ಸರಳು ಪಟ್ಟಿಗಳಿಗೆ ತಾಗಿ ಕಟಕಟ ಅನ್ನುತ್ತದೆ. ಆದರೂ ‘ತಂತಿ ಎತ್ತರ’ ನನಗೆ ಬರವಣಿಗೆಯ ಪದದಂತೆ ಕೇಳಿಸುತ್ತದೆ. ಅಂಗಡಿಯಲ್ಲಿ ನಿಂತು ಯಾರಾದರೂ “ಇದರ ತಂತಿ ಎತ್ತರ ಎಷ್ಟು?” ಅಂತಾರಾ?

ಉಳಿದ ಪದಗಳಿಗೆ ನಾನು ಹಿಡಿದ ದಾರಿ ಹೇಳುತ್ತೇನೆ. ಗಿಟಾರಿನ ಒಂದು ಭಾಗ ವೀಣೆಯಲ್ಲಿ ಅದೇ ಕೆಲಸ ಮಾಡುತ್ತಿದ್ದರೆ ವೀಣೆಯ ಪದ ತೆಗೆದುಕೊಂಡೆ. ಕೆಲಸ ಬೇರೆಯಾಗಿದ್ದರೆ ಜನ ಆಡುವ ಇಂಗ್ಲಿಷ್ ಪದವನ್ನೇ ಬಿಟ್ಟೆ. ಹೊಸದಾಗಿ ಪದ ಕಟ್ಟುವ ಗೋಜಿಗೆ ಆದಷ್ಟು ಹೋಗಿಲ್ಲ. ಫಿಡಲ್ ನಮ್ಮಲ್ಲಿ ಪಿಟೀಲಾಗಿ ನೆಲೆಸಿತು. ಗಿಟಾರಿನ ಪದಗಳೂ ಬಾಯಲ್ಲಿ ಆಡುತ್ತಾ ಆಡುತ್ತಾ ಹಾಗೇ ಕೂರುತ್ತವೆ ಅನ್ನುವ ನಂಬಿಕೆ ನನಗಿದೆ.

ಫ್ರೆಟ್‌ಗೆ, ಅಂದರೆ ಆ ಅಡ್ಡ ಲೋಹದ ಪಟ್ಟಿಗೆ, ‘ಮೆಟ್ಟಿಲು’. ವೀಣೆಯಲ್ಲಿ 24 ಮೆಟ್ಟಿಲು, ಒಂದು ಸ್ಥಾಯಿಗೆ 12. ಗಿಟಾರಿನಲ್ಲೂ ಒಂದು ಸ್ಥಾಯಿಗೆ 12. ವೀಣೆಯಲ್ಲಿ ಮೇಣದ ಮೇಲೆ ಕೂರಿಸುತ್ತಾರೆ, ಗಿಟಾರಿನಲ್ಲಿ ಮರಕ್ಕೆ ಗೀರು ಹಾಕಿ ಬಡಿದು ಕೂರಿಸುತ್ತಾರೆ. ಕೆಲಸ ಒಂದೇ. ಇಲ್ಲಿ ಕನ್ನಡಕ್ಕೆ ಒಂದು ಅನುಕೂಲವೂ ಇದೆ. ಇಂಗ್ಲಿಷಿನಲ್ಲಿ ಲೋಹದ ಪಟ್ಟಿಗೂ ಫ್ರೆಟ್, ಎರಡು ಪಟ್ಟಿಗಳ ನಡುವಿನ ಜಾಗಕ್ಕೂ ಫ್ರೆಟ್. ಕಲಿಯುವ ಮಗು ‘ಮೂರನೇ ಫ್ರೆಟ್ ಒತ್ತು’ ಅಂದರೆ ನೇರ ಲೋಹದ ಮೇಲೇ ಬೆರಳಿಡುತ್ತದೆ, ಸ್ವರ ಸತ್ತುಹೋಗುತ್ತದೆ. ನಾವು ಪಟ್ಟಿಗೆ ಮೆಟ್ಟಿಲು, ನಡುವಿನ ಜಾಗಕ್ಕೆ ಮನೆ ಅನ್ನಬಹುದು. ‘ಮೂರನೇ ಮನೆಯಲ್ಲಿ, ಮೆಟ್ಟಿಲಿಗೆ ಒತ್ತಿದಂತೆ ಬೆರಳಿಡು’ ಅಂದರೆ ಯಾವ ಮಗುವಿಗೂ ತಿಳಿಯುತ್ತದೆ. ಚೌಕಾಬಾರ ಆಡಿದವರಿಗೆ ಮನೆ ಅನ್ನುವ ಮಾತು ಹೊಸದಲ್ಲ.

ಆದರೆ ಇದಕ್ಕೊಂದು ತೊಡಕಿದೆ. ಹಾಡುವವರ ಮಾತಿನಲ್ಲಿ ‘ಮನೆ’ಗೆ ಆಗಲೇ ಒಂದು ಕೆಲಸ ಇದೆ. ‘ಒಂದು ಮನೆ ಶ್ರುತಿ’ ಅಂದರೆ ಪಾಶ್ಚಾತ್ಯರ ಸಿ, ‘ಎರಡು ಮನೆ’ ಅಂದರೆ ಡಿ, ‘ಐದು ಮನೆ’ ಅಂದರೆ ಜಿ, ‘ಐದೂವರೆ’ ಅಂದರೆ ಹಾರ್ಮೋನಿಯಂನಲ್ಲಿ ಅದರ ಮೇಲಿನ ಕಪ್ಪು ಮನೆ. ಗಿಟಾರಿನವರಿಗೆ ಇದು ಬಹಳ ಬೇಕಾದ ಲೆಕ್ಕ. ಜಿ ಕಾರ್ಡಿನ (ಕಾರ್ಡು ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬೆರಳುಗಳಿಂದಲೇ ನುಡಿಸುತ್ತಿದ್ದೀರಿ, ಹಾಡುವವರು ಆರು ಮನೆ ಬೇಕು ಅಂತಾರೆ ಅಂದುಕೊಳ್ಳಿ. ಎರಡನೇ ಮನೆಗೆ ಕೇಪೋ (ಆರೂ ತಂತಿಯನ್ನು ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್ಪು) ಹಾಕಿದರೆ ಮುಗಿಯಿತು, ಜಿ ಇದ್ದದ್ದು ಎ ಆಗುತ್ತದೆ, ಅದೇ ಆರು ಮನೆ. ಈ ವಾಕ್ಯದಲ್ಲಿ ‘ಮನೆ’ ಎರಡು ಅರ್ಥದಲ್ಲಿ ಬಂತು, ನೋಡಿದಿರಾ? ‘ಎರಡನೇ ಮನೆ’ ಬೇರೆ, ‘ಎರಡು ಮನೆ’ ಬೇರೆ. ಭಾಷೆ ಬಲ್ಲವರಿಗೆ ಈ ವ್ಯತ್ಯಾಸ ಸಾಕು. ಕಲಿಯುವವರಿಗೆ ಸಾಕೇ? ನನಗೆ ಅನುಮಾನ. ಸಂಗೀತ ಪಾಠ ಹೇಳುವವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಕೇಪೋಗೆ ಕೇಪೋ ಅಂತಲೇ ಬರೆದಿದ್ದೇನೆ.

ಬ್ರಿಡ್ಜ್‌ಗೆ ‘ಕುದುರೆ’. ವೀಣೆ, ತಂಬೂರಿ ಎರಡರಲ್ಲೂ ಇದೇ ಮಾತು. ಸಿತಾರಿನವರು ಹೇಳುವ ಘೋಡಿಯೂ ಕುದುರೆಯೇ. ಇಲ್ಲಿ ಕೆಲಸ ಸ್ವಲ್ಪ ಬೇರೆಯಾಗುತ್ತದೆ. ವೀಣೆಯ ತಂತಿ ಕುದುರೆಯ ಮೇಲೆ ಹಾದು ಆಚೆ ನಾಗಪಾಶಕ್ಕೆ, ಅಂದರೆ ತಂತಿಯ ತುದಿ ಕಟ್ಟುವ ಜಾಗಕ್ಕೆ, ಹೋಗಿ ಸೇರುತ್ತದೆ. ಗಿಟಾರಿನಲ್ಲಿ ತಂತಿ ಹಿಡಿದುಕೊಳ್ಳುವುದೂ ಅದೇ ಮರದ ತುಂಡು, ತಂತಿ ಎತ್ತಿ ಹಿಡಿಯುವುದೂ ಅದರ ಗೀರಿನಲ್ಲಿ ಕೂತ ಬಿಳಿ ಪಟ್ಟಿ. ಆ ಬಿಳಿ ಪಟ್ಟಿಗೆ ಇಂಗ್ಲಿಷಿನಲ್ಲಿ ಸ್ಯಾಡಲ್. ಕುದುರೆಯ ಮೇಲೆ ಜೀನು ಅಂದರೆ ಚೆನ್ನಾಗಿಯೇ ಹೊಂದುತ್ತದೆ. ಆದರೂ ನಾನು ‘ಕುದುರೆ ಪಟ್ಟಿ’ ಅಂತ ಬರೆದೆ. ಕೈಪಿಡಿ ಓದಿ ಕೆಲಸ ಮಾಡುವವರಿಗೆ ಕಣ್ಣಿಗೆ ಕಾಣುವ ಹೆಸರು ಬೇಕು.

ಯಾಕೆಂದರೆ ತಂತಿ ಇಳಿಸುವ ಕೆಲಸ ನಡೆಯುವುದೇ ಈ ಪಟ್ಟಿಯಲ್ಲಿ. ಮೊದಲು ಕತ್ತು, ಅಂದರೆ ಮೆಟ್ಟಿಲುಗಳಿರುವ ಉದ್ದನೆಯ ಭಾಗ, ಜಾಸ್ತಿ ಬಾಗಿಲ್ಲ ಅಂತ ನೋಡಿಕೊಳ್ಳಬೇಕು. ಆಮೇಲೆ ತಂತಿ ಸಡಿಲಿಸಿ ಪಟ್ಟಿಯನ್ನು ಮೇಲಕ್ಕೆ ಎಳೆದರೆ ಕೈಗೆ ಬರುತ್ತದೆ. 12ನೇ ಮೆಟ್ಟಿಲಲ್ಲಿ ತಂತಿ 1 ಮಿಲಿಮೀಟರ್ ಇಳಿಯಬೇಕಾದರೆ ಪಟ್ಟಿ 2 ಮಿಲಿಮೀಟರ್ ಸವೆಯಬೇಕು. ಮೆಟ್ಟಿಲು ತಂತಿಯ ನಡುಮಧ್ಯ ಇದೆಯಲ್ಲ, ಅದಕ್ಕೆ. ಪಟ್ಟಿಯ ತಳದಲ್ಲಿ ಪೆನ್ಸಿಲ್‌ನಿಂದ ಗೆರೆ ಎಳೆದು, ಗಾಜಿನಂಥ ಸಮತಟ್ಟು ಜಾಗದಲ್ಲಿ ಸ್ಯಾಂಡ್ ಪೇಪರ್ ಹಾಸಿ, ಪಟ್ಟಿಯನ್ನು ನೆಟ್ಟಗೆ ಹಿಡಿದು ತಳವನ್ನು ಮಾತ್ರ ಉಜ್ಜಬೇಕು. ಮೇಲ್ಭಾಗ ಮುಟ್ಟಬಾರದು. ಸ್ವಲ್ಪ ಉಜ್ಜಿ, ಹಾಕಿ ನೋಡಿ, ಮತ್ತೆ ಉಜ್ಜಬೇಕು. ಪಕ್ಕದ ಮನೆಯ ಹುಡುಗಿಯ ಗಿಟಾರಿಗೆ ಮಾಡಿದ್ದು ಇಷ್ಟೇ. ಈಗ ಕಲಿಯುವವರಿಗೆ ಕಷ್ಟದ ಎಫ್ ಕಾರ್ಡನ್ನೂ ಒತ್ತುತ್ತಾಳೆ.

ಈ ಕೊನೆಯಲ್ಲಿ ಕುದುರೆ ಇದ್ದಂತೆ, ಆ ಕೊನೆಯಲ್ಲಿ, ಬಿರಡೆಗಳ ಕೆಳಗೆ, ಆರು ಗೀರಿನ ಇನ್ನೊಂದು ಬಿಳಿ ಪಟ್ಟಿ ಇರುತ್ತದೆ. ಅದಕ್ಕೆ ನಟ್ ಅಂತಾರೆ. ಕನ್ನಡದಲ್ಲಿ ನಟ್ಟು ಅಂದ ಕೂಡಲೇ ಬೋಲ್ಟು ನೆನಪಾಗುತ್ತದೆ, ಓದುಗರು ಸ್ಪ್ಯಾನರ್ ಹುಡುಕುತ್ತಾರೆ! ‘ತಲೆ ಪಟ್ಟಿ’ ಅಂತ ಹಾಕಿದ್ದೇನೆ. ಬಿರಡೆಯ ಬಗ್ಗೆ ಹೆಚ್ಚೇನಿಲ್ಲ. ಮಕ್ಕಳು ಕೀ ಅಂತಾರೆ, ಎರಡೂ ಇರಲಿ. ಶ್ರುತಿ ಮಾಡು, ಶ್ರುತಿ ಸೇರಿಸು ಎರಡೂ ಜೀವಂತ ಮಾತು, ಟ್ಯೂನ್ ಬೇಕಾಗಿಯೇ ಇಲ್ಲ.

ತಂತಿ ತೀರಾ ಇಳಿದರೆ ಮೆಟ್ಟಿಲಿಗೆ ತಾಗಿ ಸದ್ದು ಬರುತ್ತದೆ. ಇದಕ್ಕೆ ‘ಝೇಂಕಾರ’ ಹಾಕಬಾರದು. ತಂಬೂರಿಯಲ್ಲಿ ಕುದುರೆಯ ಮೇಲೆ ಜೀವಾಳದ ಎಳೆ ಸರಿಸಿ ಸರಿಸಿ ನಾವು ಪಡೆಯುವ ಸುಖದ ನಾದ ಅದು. ಗಿಟಾರಿನದು ಕೊರತೆಯ ಸದ್ದು. ‘ಜರ್ ಅನ್ನುತ್ತೆ’ ಅಂತಲೇ ಬರೆದಿದ್ದೇನೆ. ಕೆಲವರು ‘ಕರಕರ’ ಅಂತಾರೆ.

ಕ್ರಿಯಾಪದದ ವಿಚಾರ ದೊಡ್ಡದು. ನುಡಿಸುವುದೋ, ಬಾರಿಸುವುದೋ, ಮೀಟುವುದೋ? ‘ಬಾರಿಸು ಅನ್ನುವುದು ಚೆಂಡೆ, ತಬಲಾಕ್ಕೆ ಮಾತ್ರ, ತಂತಿವಾದ್ಯಕ್ಕೆ ನುಡಿಸು ಅನ್ನಬೇಕು’ ಅಂತ ತಿದ್ದುವವರು ಇದ್ದಾರೆ. ನಾನು ಒಪ್ಪುವುದಿಲ್ಲ. 12ನೇ ಶತಮಾನದ ಬಸವಣ್ಣನವರ ವಚನ ನೆನಪಿಸಿಕೊಳ್ಳಿ. ಕಾಯ ದಂಡಿಗೆಯಾಗಲಿ, ಶಿರ ಸೋರೆಯಾಗಲಿ, ನರ ತಂತಿಯಾಗಲಿ, ಬೆರಳು ಕಡ್ಡಿಯಾಗಲಿ ಅಂತ ಬೇಡಿಕೊಂಡು ‘ಉರದಲೊತ್ತಿ ಬಾರಿಸು’ ಅಂತಾರೆ. ಎದೆಗೆ ಒತ್ತಿ ಹಿಡಿಯುವ ತಂತಿವಾದ್ಯಕ್ಕೇ ಅಲ್ಲಿ ಬಾರಿಸು ಬಂದಿದೆ. ನಾವು ಗಿಟಾರ್ ಹಿಡಿಯುವುದೂ ಹಾಗೇ ಅಲ್ವಾ! ಅಲ್ಲಿ ಬರುವ ‘ಕಡ್ಡಿ’ಯನ್ನು ಮೀಟುವ ಕಡ್ಡಿ ಅಂತಲೇ ನಾನು ಓದಿಕೊಳ್ಳುತ್ತೇನೆ. ಗಿಟಾರಿನ ಪ್ಲೆಕ್ಟ್ರಮ್ ಕಡ್ಡಿಯ ಆಕಾರದ್ದಲ್ಲ, ತೆಳುವಾದ ಬಿಲ್ಲೆ. ಹಾಗಾಗಿ ಅದಕ್ಕೆ ‘ಪಿಕ್’ ಉಳಿಸಿದೆ.

ಮೂರೂ ಕ್ರಿಯಾಪದಗಳನ್ನು ಇಟ್ಟುಕೊಂಡು ಕೆಲಸ ಹಂಚೋಣ ಅನ್ನುವುದು ನನ್ನ ಸಲಹೆ. ಒಟ್ಟಾರೆಯಾಗಿ ಹೇಳುವಾಗ ನುಡಿಸು. ಒಂದೊಂದೇ ತಂತಿಯನ್ನು ಬೆರಳಿಂದ ಎಳೆದು ಬಿಡುವುದಕ್ಕೆ ಮೀಟು, ಏಕತಾರಿಗೆ ಹೇಳುವ ಹಾಗೆ. ಆರೂ ತಂತಿಯ ಮೇಲೆ ಕೈ ಬೀಸಿ ತಾಳ ಹಿಡಿಯುವ ಸ್ಟ್ರಮ್ಮಿಂಗ್‌ಗೆ ಬಾರಿಸು. ‘ಮೊದಲ ಸಾಲು ಮೀಟು, ಪಲ್ಲವಿಗೆ ಬಾರಿಸು’ ಅಂದರೆ ನುಡಿಸುವವನಿಗೆ ಬೇರೆ ವಿವರಣೆ ಬೇಡ. ರಘು ದೀಕ್ಷಿತ್ ಅವರು ಶಿಶುನಾಳ ಶರೀಫರ ಪದಗಳನ್ನು ಗಿಟಾರಿನ ಜೊತೆ ಹಾಡುವುದನ್ನು ಕೇಳಿದವರಿಗೆ ಈ ‘ಬಾರಿಸು’ ಎಷ್ಟು ಸಹಜ ಅಂತ ಗೊತ್ತು.

ಇನ್ನು ಬೆಲೆಯ ಮಾತು. ‘ಅಗ್ಗದ ಗಿಟಾರ್’ ಅಂತ ತಲೆಬರಹ ಹಾಕಲು ಮನಸ್ಸು ಬರಲಿಲ್ಲ. ಅಗ್ಗ ಅಂದರೆ ಈಗ ಬೆಲೆಯ ಜೊತೆ ಗುಣವನ್ನೂ ಇಳಿಸಿ ಕೇಳಿಸುತ್ತದೆ. ‘ಸೋವಿ’ಯಲ್ಲಿ ಆ ತಿರಸ್ಕಾರ ಕಡಿಮೆ, ಆದರೆ ಹೊಸಬರು ಆ ಪದ ಬಿಟ್ಟೇಬಿಟ್ಟಿದ್ದಾರೆ. ‘ಕೈಗೆಟುಕುವ’ ಅಂತ ಇಟ್ಟುಕೊಂಡೆ. ಇದೇ ಬಗೆಯ ಇನ್ನೊಂದು ತೊಂದರೆ ‘ಸಾಲಿಡ್ ಟಾಪ್’ನಲ್ಲಿ, ಅಂದರೆ ಪದರ ಅಂಟಿಸದ ಮರದಿಂದ ಮಾಡಿದ ಗಿಟಾರಿನ ಮುಂಭಾಗದಲ್ಲಿ. ‘ಘನ ಮರ’ ಅಂದರೆ ಭಾರದ ಮರ ಅನ್ನಿಸುತ್ತದೆ. ‘ಇಡೀ ಹಲಗೆ’ ಅಂತ ಬರೆದು, ಪದರ ಅಂಟಿಸಿದ್ದಕ್ಕೆ ಬಡಗಿಗಳ ಹಾಗೆ ‘ಪ್ಲೈ’ ಅಂದಿದ್ದೇನೆ. ಪ್ಲೈ ಅಂದ ಕೂಡಲೇ ಮೂಗು ಮುರಿಯಬೇಕಾಗಿಲ್ಲ. ಇಡೀ ಹಲಗೆಯ ನಾದ ಹೆಚ್ಚು ತುಂಬಿಕೊಂಡಿರುತ್ತದೆ, ನಿಜ. ಆದರೆ ಅದಕ್ಕೆ ಗಾಳಿಯ ತೇವ ಶೇಕಡ 45ರಿಂದ 55ರ ಆಸುಪಾಸಿನಲ್ಲಿ ಇರಬೇಕು. ಆಗುಂಬೆಯ ಮಳೆಗಾಲಕ್ಕೂ ರಾಯಚೂರಿನ ಏಪ್ರಿಲ್‌ಗೂ ಅದು ಉಬ್ಬುತ್ತದೆ, ಕುಗ್ಗುತ್ತದೆ, ಕೆಲವೊಮ್ಮೆ ಬಿರುಕು ಬಿಡುತ್ತದೆ. ಪ್ಲೈ ಅಷ್ಟು ಅಲುಗಾಡುವುದಿಲ್ಲ. ಮಗುವಿನ ಮೊದಲ ಗಿಟಾರಿಗೆ ನಾನು ಪ್ಲೈಯನ್ನೇ ಹೇಳುತ್ತೇನೆ.

ಈಗ ಮತ್ತೆ ಆಕ್ಷನ್ನಿಗೆ ಬರುತ್ತೇನೆ. ಮೈಸೂರಿನಲ್ಲಿ ವೀಣೆ ಮಾಡುವ ಮನೆಗಳಿವೆ. ಬೆಂಗಳೂರಿನ ಬಳೇಪೇಟೆಯ ವಾದ್ಯದ ಅಂಗಡಿಗಳಲ್ಲಿ ರಿಪೇರಿಗೆ ಕೂರುವವರಿದ್ದಾರೆ. ಧಾರವಾಡದ ಕಡೆ ಸಿತಾರ್ ಬಲ್ಲವರಿದ್ದಾರೆ. ವೀಣೆಗೆ ಮೇಳ ಕಟ್ಟುವಾಗ, ಅಂದರೆ ಮೇಣದ ಮೇಲೆ ಮೆಟ್ಟಿಲು ಕೂರಿಸುವಾಗ, ತಂತಿಗೂ ಮೆಟ್ಟಿಲಿಗೂ ನಡುವಿನ ಸಂದು ನೋಡಲೇಬೇಕು. ಹಾಗಾದರೆ ಅವರ ಬಾಯಲ್ಲಿ ಅದಕ್ಕೊಂದು ಮಾತು ಇದ್ದೇ ಇರಬೇಕು. ನಿಮ್ಮಲ್ಲಿ ಯಾರಾದರೂ ಅಂಥವರ ಹತ್ತಿರ ಹೋಗಿ ಬರುವವರಿದ್ದರೆ ಕೇಳಿ ತಿಳಿಸುತ್ತೀರಾ? ಹೇಳುವ ವಾಕ್ಯವನ್ನೇ ಹಾಗೇ ಬರೆದುಕೊಂಡು ಬಂದರೆ ಇನ್ನೂ ಒಳ್ಳೆಯದು. ಅಲ್ಲಿಯವರೆಗೆ ಕೈಪಿಡಿಯಲ್ಲಿ ‘ತಂತಿ ಎತ್ತರ’ ಇರುತ್ತದೆ.