ಸಹಾಯ ಬೇಕು: ಮಳೆಗಾಲದಲ್ಲಿ ಕೆಸರು, ಬೇಸಿಗೆಯಲ್ಲಿ ಒಣ. ಇಂಥ ಮೂಲೆಗೆ ನಮ್ಮ ಕಡೆಯ ಯಾವ ಗಿಡ?

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಮೂಡಿಗೆರೆ ಹತ್ತಿರ. ಮುಂದೆ ಸ್ವಲ್ಪ ಇಳಿಜಾರಿನ ಜಾಗ ಇದೆ. ಅಲ್ಲಿ ಮಲೆನಾಡಿನ ಗಿಡಗಳಲ್ಲೇ ಕೈತೋಟ ಮಾಡಬೇಕು ಅಂತ ಲ್ಯಾಂಡ್‌ಸ್ಕೇಪ್ ವಿನ್ಯಾಸ ಕಲಿಯುತ್ತಿದ್ದೇನೆ.

ವಿಡಿಯೋ ನೋಡಿ ಮೊದಲ ಪಾಠ ಅರ್ಥವಾಯಿತು: ಎತ್ತರದ್ದು ಹಿಂದೆ, ಪೊದೆ ನಡುವೆ, ನೆಲಕ್ಕೆ ಹರಡುವುದು ಮುಂದೆ. ಆದರೆ ಅವರು ಹೇಳುವ ಗಿಡಗಳೆಲ್ಲ ಹೊರಗಿನವು. ನರ್ಸರಿಯಲ್ಲೂ ಅದೇ ಕಥೆ, ಬೋಗನ್‌ವಿಲ್ಲಾ, ಕ್ರೋಟನ್. ಲಂಟಾನವನ್ನೂ ಕುಂಡದಲ್ಲಿಟ್ಟು ಮಾರುತ್ತಾರೆ! ಕಾಡು ತುಂಬಾ ಅದೇ ಇರುವಾಗ ದುಡ್ಡು ಕೊಟ್ಟು ಬೇರೆ ತರಬೇಕಾ?

ಮೇಲಿನ ಭಾಗಕ್ಕೆ ಕೇಪಳ, ನೆಕ್ಕರೆ, ಬೇಲಿ ಪಕ್ಕ ಒಂದು ರಂಜದ ಮರ ಅಂತ ಗುರುತು ಮಾಡಿದ್ದೇನೆ. ಅಲ್ಲಿ ತಲೆನೋವಿಲ್ಲ. ಸಿಕ್ಕಿಹಾಕಿಕೊಂಡಿರುವುದು ಕೆಳಗಿನ ಮೂಲೆಯಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರು ನಿಂತು ಕೆಸರು. ಮಾರ್ಚ್ ಬಂದರೆ ಅದೇ ಮಣ್ಣಿಗೆ ಗುದ್ದಲಿ ಇಳಿಯುವುದಿಲ್ಲ. ಕಾಲುವೆ ತೆಗೆದು ನೋಡಿದೆ. ನೀರು ಹೋಯಿತು, ಜೊತೆಗೆ ಮೇಲ್ಮಣ್ಣೂ ಹೋಯಿತು. ಹೊಳೆದಾಸವಾಳ ಹಾಕು ಅಂತಾರೆ, ಹೂವೇನೋ ಚಂದ. ಆದರೆ ಅದು ದೊಡ್ಡ ಮರ, ಈ ಮೂಲೆ ಗೋಡೆ ಪಕ್ಕದಲ್ಲೇ ಇದೆ. ಕಾಡಿನಿಂದ ಕಿತ್ತು ತರುವುದಂತೂ ಬೇಡ, ಅದು ತಪ್ಪು ಅಲ್ವಾ.

ಹಾಗಾಗಿ ಕೇಳುತ್ತಿರುವುದು ಇಷ್ಟೇ. ಕೆಸರು, ಒಣ ಎರಡನ್ನೂ ತಡೆಯುವ, ಆಳೆತ್ತರ ಮೀರದ ನಮ್ಮ ಕಡೆಯ ಪೊದೆಗಿಡ ಯಾವುದು? ಅದರ ಸಸಿ ಚಿಕ್ಕಮಗಳೂರು, ಹಾಸನದ ಕಡೆ ಎಲ್ಲಿ ಬೆಳೆಸಿ ಕೊಡುತ್ತಾರೆ?