ಅಮ್ಮನಿಗೆ ಆರೈಕೆ ಕೇಂದ್ರ ಹುಡುಕುವಾಗ ಏನೇನು ನೋಡಬೇಕು?

ಮೈಸೂರು ಮಗಳು:
ಅಮ್ಮನಿಗೆ 82. ಹೋದ ವರ್ಷ ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿಯಿತು. ಈಗ ವಾಕರ್ ಹಿಡಿದು ನಾಲ್ಕು ಹೆಜ್ಜೆ, ಅಷ್ಟೇ. ನಾನು ಕೆಲಸಕ್ಕೆ ಹೋದರೆ ಮನೆಯಲ್ಲಿ ಒಬ್ಬಳೇ. ಹೋಮ್ ನರ್ಸ್ ಮೂವರು ಬಂದು ಹೋದರು. ನಮ್ಮ ಬಡಾವಣೆ ಹತ್ತಿರವೇ ಒಂದು ಕೇಂದ್ರ ನೋಡಿ ಬಂದೆ. ತುಂಬ ಚೊಕ್ಕಟವಾಗಿದೆ. ಆದರೆ ಮಧ್ಯಾಹ್ನ ಮೂರು ಗಂಟೆಗೆ ಎಲ್ಲರನ್ನೂ ಸಾಲಾಗಿ ಟಿವಿ ಮುಂದೆ ಕೂರಿಸಿದ್ದರು, ಟಿವಿ ಆಫ್ ಆಗಿತ್ತು. ಅದು ಕಣ್ಣಿಂದ ಹೋಗುತ್ತಲೇ ಇಲ್ಲ. ಸೇರಿಸುವ ಮೊದಲು ಏನು ಕೇಳಬೇಕು?

ರಾತ್ರಿ ಪಾಳಿ:
ಹತ್ತು ವರ್ಷ ಇಂಥ ಕಡೆ ನರ್ಸ್ ಆಗಿದ್ದೆ. ರೂಮು ಆಮೇಲೆ ನೋಡಿ, ಮೊದಲು ದಿನ ಹೇಗೆ ಕಳೆಯುತ್ತೆ ಅಂತ ಕೇಳಿ. ಬೆಳಿಗ್ಗೆ ಐದಕ್ಕೇ ಎಲ್ಲರಿಗೂ ಸ್ನಾನ ಅಂದರೆ ಅದು ಕೆಲಸದವರ ಅನುಕೂಲಕ್ಕೆ. ರಾತ್ರಿ ಎಷ್ಟು ಜನರಿಗೆ ಒಬ್ಬರು ಇರುತ್ತಾರೆ? ಇದು ಬಹಳ ಮುಖ್ಯ, ಯಾಕೆಂದರೆ ಬಚ್ಚಲಿಗೆ ಕರೆದುಕೊಂಡು ಹೋಗಲು ಜನ ಇಲ್ಲ ಅಂತ ಡೈಪರ್ ಹಾಕಿ ಮಲಗಿಸಿಬಿಟ್ಟರೆ ನಾಲ್ಕು ಹೆಜ್ಜೆ ಇಡುತ್ತಿದ್ದವರೂ ಹಾಸಿಗೆ ಹಿಡಿಯುತ್ತಾರೆ.
ಅಮ್ಮನ ಅಭ್ಯಾಸಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಡಿ. ನಮ್ಮಲ್ಲಿ ಒಬ್ಬ ಅಜ್ಜಿ ಊಟವೇ ಬಿಟ್ಟಿದ್ದರು. ಚಮಚದಲ್ಲಿ ತಿನ್ನಿಸಲು ಹೋದರೆ ಬಾಯಿ ಬಿಗಿ ಹಿಡಿಯುತ್ತಿದ್ದರು. ಮಗ ಬಂದು, ಅವರು ಕೈಯಲ್ಲಿ ಕಲಸಿಯೇ ಉಣ್ಣೋದು ಅಂದ. ಕೈ ತೊಳೆಸಿ ತಟ್ಟೆ ಮುಂದಿಟ್ಟೆ. ನಡುಗುವ ಕೈಯಲ್ಲೇ ಸಾರನ್ನ ಕಲಸಿ ಪೂರ್ತಿ ಉಂಡರು.

ಡಚ್ಚರ ನಾಡಿಂದ:
ಇಲ್ಲಿ ನೆದರ್ಲೆಂಡ್ಸ್‌ನ ವೇಸ್ಪ್‌ನಲ್ಲಿ ಮರೆವಿನ ಕಾಯಿಲೆ ಇರುವವರಿಗೆಂದೇ ಹೋಗೆವೇಕ್ ಅಂತ ಒಂದು ಊರಿನಂಥ ಜಾಗ 2009ರಿಂದ ನಡೆಯುತ್ತಿದೆ. ಒಂದೊಂದು ಮನೆಯಲ್ಲಿ ಆರೇಳು ಜನ. ಅಡುಗೆ ಆ ಮನೆಯಲ್ಲೇ, ಸಾಮಾನಿಗೆ ಒಳಗೇ ಅಂಗಡಿ. ಅಷ್ಟು ದೊಡ್ಡದು ನಮ್ಮಲ್ಲಿ ಕಷ್ಟ, ನಿಜ. ಆದರೆ ಜನ ಕಡಿಮೆ ಇರುವ ಜಾಗ ಹುಡುಕಿ. ಒಗ್ಗರಣೆ ವಾಸನೆ ಅವರು ಕೂತಲ್ಲಿಗೆ ಬರಬೇಕು.

ದಾವಣಗೆರೆ:
ಹತ್ತಿರದ್ದೇ ಆಗಲಿ. ಪಕ್ಕದ ಮನೆಯವರು ಸುಮ್ನೆ ಬಂದು ಮಾತಾಡಿಸಿ ಹೋಗಬಹುದು. 70 ದಾಟಿದವರ ಆಯುಷ್ಮಾನ್ ಕಾರ್ಡ್ ಆಸ್ಪತ್ರೆ ಸೇರಿದರೆ ಮಾತ್ರ, ಕೇಂದ್ರದ ತಿಂಗಳ ಖರ್ಚಿಗೆ ಬರಲ್ಲ. ಹಿರಿಯರ ಸಹಾಯವಾಣಿ 14567ಕ್ಕೂ ಒಮ್ಮೆ ಫೋನ್ ಮಾಡಿ. ಅಮ್ಮನನ್ನು ಕೇಳಿದ್ರಾ?

ಮೈಸೂರು ಮಗಳು:
ಕೇಳಿರಲಿಲ್ಲ. ನಿನ್ನೆ ರಾತ್ರಿ ಕೇಳಿದೆ. ತುಂಬ ಹೊತ್ತು ಸುಮ್ಮನಿದ್ದಳು. ಆಮೇಲೆ, ಬೆಳಿಗ್ಗೆ ಕಾಫಿ ನಾನೇ ಬೆರೆಸಿಕೊಳ್ಳಬಹುದಾ ಕೇಳು ಅಂದಳು. ಶನಿವಾರ ಅದನ್ನೇ ಕೇಳಿ ಬರುತ್ತೇನೆ.