ಪುಸ್ತಕ ನೋಡಿ ಸೈಕಲ್ ರಿಪೇರಿ ಕಲಿತವರು ಯಾರಾದರೂ ಇದ್ದೀರಾ?

ಕೇಳಿದವರು: ನವನಗರ, ಬಾಗಲಕೋಟೆ

ನಮಸ್ಕಾರರೀ. ನಮ್ಮ ಮನೆಯಲ್ಲಿ ಎರಡು ಸೈಕಲ್ ಇವೆ. ಒಂದು ಮಾವನವರ ಕಾಲದ ಕರಿ ಸೈಕಲ್ಲು, ಇನ್ನೊಂದು ಮಗಳ ಗೇರ್ ಸೈಕಲ್ಲು. ಸಣ್ಣ ಕೆಲಸಕ್ಕೂ ಅಂಗಡಿ ತನಕ ತಳ್ಳಿಕೊಂಡು ಹೋಗಿ ಸಾಕಾಗಿದೆ. ಅದಕ್ಕೇ ಇಂಗ್ಲಿಷಿನ ಎರಡು ರಿಪೇರಿ ಪುಸ್ತಕ ತಂದಿದ್ದೇನೆ. ಚಿತ್ರ ನೋಡಿದರೆ ಎಲ್ಲಾ ಸರಳ ಅನ್ನಿಸುತ್ತದೆ, ಪಾನಾ ಹಿಡಿದರೆ ಕೈ ನಡುಗುತ್ತದೆ. ಯಾವ ಕೆಲಸದಿಂದ ಶುರು ಮಾಡಲಿ? ಏನೇನು ಸಾಮಾನು ಬೇಕು?

ಗುಮ್ಮಟದ ಹಿಂದಿನ ಓಣಿ, ವಿಜಯಪುರ

ಅಕ್ಕಾರ, ನಾನೂ ಪುಸ್ತಕದಿಂದಲೇ ಕಲಿತವನು. ಮೊದಲ ದಿನ ಮಾಡಿಕೊಂಡ ಎಡವಟ್ಟು ಹೇಳುತ್ತೇನೆ, ನಿಮಗಾದರೂ ತಪ್ಪಲಿ.

ಎಡಗಡೆ ಪೆಡಲ್ ಬಿಚ್ಚಲು ಕೂತಿದ್ದೆ. ಎಲ್ಲಾ ನಟ್ಟಿನ ಹಾಗೆ ತಿರುವಿದೆ, ಬರಲಿಲ್ಲ. ತುಕ್ಕು ಹಿಡಿದಿದೆ ಅಂತ ಪಾನಾಕ್ಕೆ ಒಂದು ಪೈಪು ಸಿಕ್ಕಿಸಿ ಇನ್ನೂ ಜೋರಾಗಿ ತಿರುವಿದೆ. ಪಾನಾ ಜಾರಿ ಬೆರಳ ಗೆಣ್ಣು ಸುಲಿಯಿತು. ಆಮೇಲೆ ನೋಡಿದರೆ ಎಡ ಪೆಡಲಿನ ಥ್ರೆಡ್ ಉಲ್ಟಾ. ಬಿಚ್ಚಬೇಕೆಂದರೆ ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೇ ತಿರುವಬೇಕು. ನಾನು ಅಷ್ಟು ಹೊತ್ತು ಬಿಗಿ ಮಾಡುತ್ತಿದ್ದೆ! ಈ ಮಾತು ಪುಸ್ತಕದಲ್ಲಿ ಇತ್ತು, ಆದರೆ ಮುಂದಿನ ಪುಟದಲ್ಲಿ. ಹಾಗಾಗಿ ಒಂದು ಕೆಲಸದ ಪುಟಗಳನ್ನು ಕೊನೆ ತನಕ ಓದಿಯೇ ಪಾನಾ ಮುಟ್ಟಿ. ಗ್ರೀಸ್ ಹತ್ತಿದ ಕೈಯಲ್ಲಿ ಪುಟ ತಿರುವಲು ಆಗುವುದಿಲ್ಲ, ಅಲ್ವಾ?

ಇನ್ನೊಂದು. ಈಗಿನ ಪುಸ್ತಕಗಳಲ್ಲಿ ಗೇರು, ಡಿಸ್ಕ್ ಬ್ರೇಕು, ಶಾಕ್ ಅಬ್ಸಾರ್ಬರುಗಳದ್ದೇ ಜಾಸ್ತಿ ಮಾತು. ಮಗಳ ಸೈಕಲ್ಲಿಗೆ ಅದು ಸರಿ. ಮಾವನವರ ಸೈಕಲ್ಲಿಗೆ ರಾಡ್ ಬ್ರೇಕು, ಪೆಡಲಿನ ತೋಳನ್ನು (ಕ್ರ್ಯಾಂಕ್) ನಡುವಿನ ಅಚ್ಚಿಗೆ ಹಿಡಿದಿಡುವ ಕಾಟರ್ ಪಿನ್ನು, 28 ಇಂಚಿನ ಗಾಲಿ. ಅದಕ್ಕೆ ಹಳೆಯ ಪುಸ್ತಕ ಎಲ್ಲಾದರೂ ಸಿಕ್ಕರೆ ಬಿಡಬೇಡಿ. ಬೇರಿಂಗಿನ ಅಧ್ಯಾಯ ಮಾತ್ರ ಎರಡಕ್ಕೂ ನಡೆಯುತ್ತದೆ.

ಹಬ್ (ಗಾಲಿಯ ನಡುವಿನ ಭಾಗ) ಬಿಚ್ಚುವಾಗ ಕೆಳಗೆ ಒಂದು ಹಳೆ ಪರಾತ ಇಡಿ. ನಾನು ಇಡದೇ ಬಿಚ್ಚಿ, ಬೇರಿಂಗಿನ ಗುಂಡುಗಳು ಫರಸಿ ಮೇಲೆ ಉರುಳಿ ಕಪಾಟಿನ ಕೆಳಗೆ ಸೇರಿದವು. ಸಾಮಾನ್ಯವಾಗಿ ಮುಂದಿನ ಹಬ್ಬಿಗೆ ಒಂದೊಂದು ಬದಿಗೆ 3/16 ಇಂಚಿನ 10 ಗುಂಡು, ಹಿಂದಿನದಕ್ಕೆ ಕಾಲು ಇಂಚಿನ 9. ಆದರೂ ನಿಮ್ಮದರಲ್ಲಿ ಎಷ್ಟಿವೆ ಅಂತ ಬಿಚ್ಚುವಾಗಲೇ ಎಣಿಸಿ ಬರೆದಿಡಿ. ಒಂದು ಸವೆದಿದ್ದರೂ ಎಲ್ಲಾ ಬದಲಿಸಿ, ದೊಡ್ಡ ಖರ್ಚೇನಲ್ಲ.

ಕೋನ್ (ಅಚ್ಚಿನ ಮೇಲೆ ಕೂತು ಗುಂಡುಗಳನ್ನು ಒತ್ತಿ ಹಿಡಿಯುವ ನಟ್ಟು) ಬಿಗಿ ಮಾಡುವುದು ನನ್ನ ಪುಸ್ತಕದಲ್ಲಿ ಎರಡೇ ಸಾಲು. ಕೈಗೆ ಬರಲು ನನಗೆ ಎರಡು ತಿಂಗಳು ಬೇಕಾಯಿತು. ಕೋನ್ ಸರಿಯಾಗಿ ಕೂತಿತು ಅಂತ ಮೇಲಿನ ಲಾಕ್‌ನಟ್ ಬಿಗಿದರೆ, ಅದು ಕೋನನ್ನು ಇನ್ನೊಂದು ಚೂರು ಒಳಗೆ ಒತ್ತುತ್ತದೆ. ಗಾಲಿ ಬಿಗಿಯಾಗಿ ಗರಗರ ಅನ್ನುತ್ತದೆ. ಹಾಗಾಗಿ ಮೊದಲು ಕೂದಲೆಳೆಯಷ್ಟು ಸಡಿಲ ಬಿಟ್ಟು, ಆಮೇಲೆ ಲಾಕ್‌ನಟ್ ಬಿಗಿಯಬೇಕು. ಸರಿಯಾಯಿತಾ ಅಂತ ತಿಳಿಯಲು ಮುಂದಿನ ಗಾಲಿ ಎತ್ತಿ ಮೆಲ್ಲಗೆ ಬಿಡಿ. ವಾಲ್ (ಹವಾ ಹಾಕುವ ಮೂತಿ) ಇರುವ ಭಾಗ ಅದರ ಭಾರಕ್ಕೇ ಕೆಳಗೆ ಬಂದು, ಎರಡು ಸಲ ಜೋಕಾಲಿ ಆಡಿ ನಿಂತರೆ ಬಿಗಿ ಜಾಸ್ತಿ ಇಲ್ಲ. ರಿಮ್ ಹಿಡಿದು ಆಚೀಚೆ ಅಲುಗಿಸಿದರೆ ಕಟಕಟ ಅನ್ನಬಾರದು. ಎರಡೂ ಒಟ್ಟಿಗೆ ಸಿಕ್ಕ ದಿನ ನಾನು ಮನೆಯವರನ್ನೆಲ್ಲ ಕರೆದು ತೋರಿಸಿದ್ದೆ. ಯಾರಿಗೂ ಏನೂ ಅನ್ನಿಸಲಿಲ್ಲ, ಆ ಮಾತು ಬೇರೆ.

ಜಮಖಂಡಿ ಮಾಸ್ತರ

ಹಬ್ಬು ಆಮೇಲೆ ಸರ. ಅಕ್ಕಾರ ಪಂಚರಿನಿಂದ ಶುರು ಮಾಡಲಿ. ನಮ್ಮ ಕಡೆ ಬಳ್ಳಾರಿ ಜಾಲಿ ಇರುವ ತನಕ ಪ್ರಾಕ್ಟೀಸಿಗೆ ಕೊರತೆ ಇಲ್ಲ.

ಟೈರ್ ತೆಗೆಯಲು ಸ್ಕ್ರೂಡ್ರೈವರ್ ಬೇಡ, ಟ್ಯೂಬಿಗೆ ಇನ್ನೊಂದು ತೂತು ಬೀಳುತ್ತದೆ. ಟೈರ್ ಲಿವರ್ ಎರಡು ಕೊಳ್ಳಿ. ಟ್ಯೂಬಿಗೆ ಹವಾ ಹಾಕಿ ಬಕೆಟ್ ನೀರಿನಲ್ಲಿ ಮುಳುಗಿಸಿ ತೂತು ಹುಡುಕಿ, ಒರೆಸಿ, ಉಪ್ಪುಕಾಗದದಿಂದ ಉಜ್ಜಿ, ಸಲ್ಯೂಷನ್ ತೆಳ್ಳಗೆ ಹಚ್ಚಿ. ಇಲ್ಲಿ ಎಲ್ಲರೂ ಅವಸರ ಮಾಡುತ್ತಾರೆ. ಹಸಿ ಇದ್ದಾಗಲೇ ಪ್ಯಾಚ್ ಒತ್ತಿದರೆ ಮರುದಿನ ಏಳುತ್ತದೆ. ಸಲ್ಯೂಷನ್ ಹೊಳಪು ಹೋಗಿ, ಮುಟ್ಟಿದರೆ ಬೆರಳಿಗೆ ಹತ್ತದ ಹಾಗೆ ಆಗಲಿ. ಒಂದು ಕಪ್ ಚಹಾ ಕುಡಿಯುವಷ್ಟು ಹೊತ್ತು ಸಾಕು.

ಟ್ಯೂಬ್ ಒಳಗೆ ಹಾಕುವ ಮುಂಚೆ ಟೈರಿನ ಒಳಗೆ ಬಟ್ಟೆ ತುಂಡು ಆಡಿಸಿ. ಮುಳ್ಳಿನ ತುದಿ ಮುರಿದು ಅಲ್ಲೇ ಕೂತಿರುತ್ತದೆ. ನಾನು ಅದೇ ತೂತಿಗೆ ಮೂರು ಸಲ ಪ್ಯಾಚ್ ಹಾಕಿದ ಮೇಲೆ ಈ ಬುದ್ಧಿ ಬಂತು. ಕರಿ ಸೈಕಲ್ಲಿನಲ್ಲಿ ಎಲ್ಲೂ ತೂತು ಇಲ್ಲದೆ ಹವಾ ಹೋಗುತ್ತಿದ್ದರೆ ವಾಲ್‌ಟ್ಯೂಬ್ ನೋಡಿ. ಆ ಸಣ್ಣ ರಬ್ಬರು ಬಿಸಿಲಿಗೆ ಸೀಳುತ್ತದೆ.

ಕುಂದಾ ಪ್ರಿಯ, ಬೆಳಗಾವಿ

ಬೇಜಾರಾಗಬೇಡಿ, ಪುಸ್ತಕ ಎಲ್ಲಾ ಸುಮ್ನೆ. ನಾನು ಓಣಿಯ ಸೈಕಲ್ ಅಂಗಡಿ ಮುಂದೆ ಭಾನುವಾರ ಭಾನುವಾರ ಕೂತು ಕಲಿತೆ. ಅಲ್ಲಿ ಅಜ್ಜ ಒಬ್ಬರು ರಿಮ್ಮಿನ ಬೆಂಡನ್ನು ಕಣ್ಣಳತೆಯಲ್ಲೇ ತೆಗೆಯುತ್ತಿದ್ದರು. ಅದನ್ನು ಯಾವ ಚಿತ್ರ ಕಲಿಸುತ್ತದೆ?

ಚೈನಿನ ವಿಷಯ ಮಾತ್ರ ಹೇಳುತ್ತೇನೆ. ನಮ್ಮಲ್ಲಿ ಮಳೆಗಾಲದಲ್ಲಿ ಒಂದು ವಾರ ಬಿಟ್ಟರೆ ಚೈನು ಕೆಂಪಗಾಗುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದು, ಪೂರ್ತಿ ಒಣಗಿಸಿ, ಒಂದೊಂದು ಕೊಂಡಿಗೆ ಒಂದೊಂದು ಹನಿ ಎಣ್ಣೆ. ಆಮೇಲೆ ಹೊರಗಿನದೆಲ್ಲ ಒರೆಸಿಬಿಡಿ. ಎಣ್ಣೆ ಒಳಗೆ ಬೇಕು, ಹೊರಗೆ ಉಳಿದರೆ ಧೂಳು ಮೆತ್ತಿ ಹಲ್ಲುಗಳನ್ನೇ ತಿನ್ನುತ್ತದೆ. ರಿಮ್ಮಿಗಾಗಲಿ, ಮಗಳ ಸೈಕಲ್ಲಿನ ಡಿಸ್ಕಿಗಾಗಲಿ ಒಂದು ಹನಿಯೂ ತಾಗಬಾರದು. ಬ್ರೇಕ್ ಹಿಡಿಯುವುದಿಲ್ಲ.

ಗುಮ್ಮಟದ ಹಿಂದಿನ ಓಣಿ, ವಿಜಯಪುರ

ಕುಂದಾ ಅವರೇ, ನಿಮ್ಮ ಮಾತು ಅರ್ಧ ಒಪ್ಪಿದೆ. ಅಂಗಡಿಯಲ್ಲಿ ಕೈ ಕಾಣುತ್ತದೆ, ಕಾರಣ ಕಾಣುವುದಿಲ್ಲ. ನಾನು ಬೆಂಡ್ ತೆಗೆಯಲು ಹೋಗಿ ಗಾಲಿಯನ್ನು ಚಕ್ಕುಲಿ ಮಾಡಿದ್ದೆ. ಸ್ಪೋಕಿನ ನಿಪ್ಪಲ್ಲನ್ನು (ರಿಮ್ಮಿನ ಹತ್ತಿರದ ಸಣ್ಣ ನಟ್ಟು) ಟೈರಿನ ಕಡೆಯಿಂದ ನೋಡಿದರೆ ಬಲಕ್ಕೆ ತಿರುವಿದಾಗ ಬಿಗಿ. ಹಬ್ಬಿನ ಕಡೆಯಿಂದ ನೋಡಿದರೆ ಅದೇ ತಿರುವು ಎಡಕ್ಕೆ ಕಾಣುತ್ತದೆ. ಅಂಗಡಿಯವರ ಕೈಗೆ ಇದು ಗೊತ್ತು, ಬಾಯಿಗೆ ಬರುವುದಿಲ್ಲ. ನನಗೆ ಬಿಡಿಸಿ ಹೇಳಿದ್ದು ಪುಸ್ತಕವೇ. ಒಂದು ಸಲಕ್ಕೆ ಕಾಲು ಸುತ್ತು ಮಾತ್ರ, ಜಾಸ್ತಿ ಬೇಡ. ಕರಿ ಸೈಕಲ್ಲಿಗೆ ಮುಂದೆ 32, ಹಿಂದೆ 40 ಸ್ಪೋಕು, ಅವಸರ ಮಾಡಿದರೆ ಯಾವುದು ಬಿಗಿದೆ ಅನ್ನುವುದೇ ಮರೆತುಹೋಗುತ್ತದೆ. ಶುರು ಮಾಡಿದ ಸ್ಪೋಕಿಗೆ ದಾರ ಕಟ್ಟಿ.

ಚೈನು ಸವೆದಿದೆಯಾ ಅಂತ ನೋಡಲು ಮಕ್ಕಳ ಸ್ಕೇಲ್ ಸಾಕು. ಒಂದು ಪಿನ್ನಿಗೆ ಸೊನ್ನೆ ಹಿಡಿಯಿರಿ. ಹೊಸ ಚೈನಾದರೆ 12 ಇಂಚಿಗೆ ಸರಿಯಾಗಿ ಇನ್ನೊಂದು ಪಿನ್ನು ಬರುತ್ತದೆ. 1/16 ಇಂಚು ಆಚೆ ಹೋಗಿದ್ದರೆ ಬದಲಿಸಿ. ನಮ್ಮೂರಲ್ಲಿ ಸ್ಪರ್ಧೆಗೆ ಹೋಗುವ ಹುಡುಗರು ಬಹಳ. ಅವರಲ್ಲಿ ಒಬ್ಬ ಇದನ್ನು ತೋರಿಸಿಕೊಟ್ಟ.

ಸಾಮಾನು ಕೇಳಿದ್ದಿರಿ. ಟೈರ್ ಲಿವರ್, ಪಂಪು, ಪ್ಯಾಚಿನ ಡಬ್ಬಿ, ಒಂದು ಸೆಟ್ ಪಾನಾ, ತೆಳು ಕೋನ್ ಪಾನಾ, ಸ್ಪೋಕ್ ಕೀ, ಮಗಳ ಸೈಕಲ್ಲಿಗೆ 4, 5, 6 ಎಂಎಂ ಅಲೆನ್ ಕೀ. ಒಂದೇ ದಿನ ಎಲ್ಲಾ ಕೊಳ್ಳಬೇಡಿ. ಫ್ರೀವೀಲ್ (ಹಿಂದಿನ ಗಾಲಿಯ ಹಲ್ಲಿನ ಚಕ್ರ) ತೆಗೆಯುವ ಸಾಮಾನಂತೂ ಬೇಡವೇ ಬೇಡ, ವೈಸ್ (ಮೇಜಿಗೆ ಬಿಗಿದ ಕಬ್ಬಿಣದ ಹಿಡಿ) ಇಲ್ಲದೆ ಮನೆಯಲ್ಲಿ ಅದು ಬರುವುದಿಲ್ಲ. ಅದು ಅಂಗಡಿಯ ಕೆಲಸ.

ನವನಗರ, ಬಾಗಲಕೋಟೆ

ಎಲ್ಲರಿಗೂ ಥ್ಯಾಂಕ್ಸ್ ರೀ. ಭಾನುವಾರ ಮಗಳು, ನಾನು ಕೂತು ಪಂಚರ್ ಹಾಕಿದೆವು. ಮಾಸ್ತರ್ ಹೇಳಿದ ಹಾಗೆ ಟೈರಿನ ಒಳಗೆ ಬಟ್ಟೆ ಆಡಿಸಿದರೆ ಎರಡು ಮುಳ್ಳು ಸಿಕ್ಕವು! ಚಹಾ ಆರಿತು, ಸಲ್ಯೂಷನ್ ಒಣಗಿತು. ಮೂರು ದಿನ ಆಯಿತು, ಹವಾ ಹಾಗೇ ಇದೆ. ಅತ್ತೆಯವರು ಈಗ ಕರಿ ಸೈಕಲ್ಲನ್ನೂ ಸರಿ ಮಾಡು ಅನ್ನುತ್ತಿದ್ದಾರೆ. ತುಳಿದರೆ ಒಂದೇ ಕಡೆ ಟಕ್ ಟಕ್ ಅನ್ನುತ್ತದೆ. ಕಾಟರ್ ಪಿನ್ನೇ ಇರಬೇಕು. ಸುತ್ತಿಗೆಯಿಂದ ಹೊಡೆಯಬಹುದಾ?

ಜಮಖಂಡಿ ಮಾಸ್ತರ

ಹೊಡೆಯಬಹುದು, ಆದರೆ ನಟ್ಟನ್ನು ಪೂರ್ತಿ ತೆಗೆಯಬೇಡಿ. ಪಿನ್ನಿನ ತುದಿಗೆ ಸಮ ಬರುವ ತನಕ ಬಿಚ್ಚಿ ಬಿಡಿ, ಇಲ್ಲದಿದ್ದರೆ ಥ್ರೆಡ್ ಜಜ್ಜಿಹೋಗುತ್ತದೆ. ಕ್ರ್ಯಾಂಕಿನ ಕೆಳಗೆ ಗಟ್ಟಿ ಪೈಪಿನ ತುಂಡು ನಿಲ್ಲಿಸಿ, ಪಿನ್ನಿನ ತಲೆ ಅದರ ತೂತಿನೊಳಗೆ ಇಳಿಯುವ ಹಾಗೆ. ಆಧಾರ ಇಲ್ಲದೆ ಹೊಡೆದರೆ ಏಟು ಬೇರಿಂಗಿಗೆ ಬೀಳುತ್ತದೆ. ಹತ್ತು ಸಣ್ಣ ಏಟು ಬೇಡ, ಒಂದೇ ಗಟ್ಟಿ ಏಟು. ಹೊಸದು ಹಾಕುವಾಗ ಎರಡೂ ಕಡೆಯ ಪಿನ್ನು ಎದುರುಬದುರು ದಿಕ್ಕಿಗೆ ಹೋಗಲಿ, ಇಲ್ಲದಿದ್ದರೆ ಪೆಡಲ್ ಎರಡೂ ಒಂದೇ ಗೆರೆಗೆ ನಿಲ್ಲುವುದಿಲ್ಲ.